ಗುಟ್ಟಿನ ಚೂರಿಗೆ ಸೀಲು ಯಾಕೆ?

ಎರಡನೆಯ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಬ್ರಿಟನ್ ಸರಕಾರ ಎಸ್.ಒ.ಇ. ಎಂಬ ಗುಪ್ತ ಸಂಸ್ಥೆ ಕಟ್ಟಿತು. ಜರ್ಮನರ ಹಿಡಿತದಲ್ಲಿದ್ದ ದೇಶಗಳಿಗೆ ಕದ್ದು ಹೋಗುವ ಏಜೆಂಟರಿಗಾಗಿ ಕೋಟಿನ ಮಡಿಕೆಯ ಹಿಂದೆ, ತೋಳಿನ ಒಳಗೆ ಅಡಗಿಸುವಂಥ ಪುಟ್ಟ ಚೂರಿಗಳು ತಯಾರಾದವು. ಅಂಥವನ್ನು ಕೂಡಿಡುವ ಹುಚ್ಚು ಇಂಗ್ಲೆಂಡ್, ಅಮೆರಿಕದಲ್ಲಿ ಇವತ್ತೂ ಇದೆ. ಅಸಲಿ ಮಾಲು ಕಮ್ಮಿ, ಗಿರಾಕಿ ಜಾಸ್ತಿ. ಮುಂದೆ ಏನಾಗುತ್ತೆ ಅಂತ ಕಾಮರ್ಸ್ ಓದುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗೆ ಬರುವ ಮಾಲು ಎರಡು ತರಹ. ಒಂದು, ನಿಜವಾಗಿ ಇದ್ದ ಆಯುಧದ ನಕಲು. ಇನ್ನೊಂದು, ಯುದ್ಧಕಾಲದಲ್ಲಿ ಇರಲೇ ಇಲ್ಲದ್ದು, ಆಮೇಲಿನವರು ಕಲ್ಪಿಸಿ ಮಾಡಿದ್ದು. ಇದಕ್ಕೆ 'ಫ್ಯಾಂಟಸಿ ಪೀಸ್' ಅಂತಾರೆ.

ನಕಲಿನ ಮೇಲೆ ನನಗೆ ಸಿಟ್ಟಿಲ್ಲ. 1942ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ 'ಲಿಬರೇಟರ್' ಪಿಸ್ತೂಲು ತಯಾರಾದವು; ಯುದ್ಧ ಮುಗಿದ ಮೇಲೆ ಹೆಚ್ಚಿನವನ್ನು ನಾಶ ಮಾಡಿಬಿಟ್ಟರು. ಉಳಿದದ್ದು ಎಲ್ಲರಿಗೂ ಎಟುಕೋದಿಲ್ಲ. ಹೊಸದನ್ನು ಹೊಸದು ಅಂತಲೇ ಮಾರಿದರೆ ಅದು ನ್ಯಾಯವಾದ ವ್ಯಾಪಾರ. ಆದರೆ ಮೊದಲನೆಯವನು ನಿಜ ಹೇಳಿ ಮಾರಿದ್ದನ್ನು ಮೂರನೆಯವನು ತುಕ್ಕು ಹಿಡಿಸಿ, ಕಥೆ ಕಟ್ಟಿ ಮಾರಬಹುದು. ಆದ್ದರಿಂದ ಮಾಡುವಾಗಲೇ ಲೋಹದಲ್ಲಿ ಇಸವಿ ಒತ್ತಬೇಕು.

ಫ್ಯಾಂಟಸಿಯ ಮಾತೇ ಬೇರೆ. ಚೂರಿಯ ಮೇಲೆ ಎಸ್.ಒ.ಇ. ಅಂತ ಸೀಲು ಒತ್ತಿರುತ್ತಾರೆ! ಸಿಕ್ಕಿಬಿದ್ದರೆ ಪ್ರಾಣವೇ ಹೋಗುವ ಏಜೆಂಟು ತನ್ನ ಸಂಸ್ಥೆಯ ಹೆಸರು ಜೇಬಿನಲ್ಲಿಟ್ಟುಕೊಂಡು ಓಡಾಡ್ತಿದ್ದನೆ? ಕೇಳಿದರೆ, "ಗುಪ್ತ ಸಂಸ್ಥೆ, ದಾಖಲೆ ಎಲ್ಲಿರುತ್ತೆ?" ಎಂಬ ಉತ್ತರ. 1946ರ ಬೆಂಕಿಯಲ್ಲಿ ಕೆಲವು ಕಾಗದಪತ್ರ ಸುಟ್ಟದ್ದು ನಿಜ. ಆದರೆ ಸಂಸ್ಥೆಯ ಸಾಮಾನುಗಳ ಸಚಿತ್ರ ಕೆಟಲಾಗು ಉಳಿದಿದೆ. ವೋಚರ್ ಇಲ್ಲ ಎಂಬುದನ್ನೇ ಎಂಟ್ರಿಗೆ ಆಧಾರ ಅಂದರೆ ಯಾವ ಆಡಿಟರು ಒಪ್ಪುತ್ತಾನೆ?

ಹಣವಂತ ಮೋಸಹೋದರೆ ನಮಗೇನು ಅನ್ನಬೇಡಿ. ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದ ನೂರ್ ಇನಾಯತ್ ಖಾನ್ ಇದೇ ಸಂಸ್ಥೆಯವರು. 1943ರಲ್ಲಿ ವೈರ್‌ಲೆಸ್ ಆಪರೇಟರಾಗಿ ಫ್ರಾನ್ಸಿಗೆ ಹೋದರು. 1944ರಲ್ಲಿ ಡಕಾವ್ ಶಿಬಿರದಲ್ಲಿ ಅವರನ್ನು ಕೊಂದರು. ಅವರ ಕೆಲಸ ನಡೆದದ್ದು ಚೂರಿಯಿಂದಲ್ಲ, ರೇಡಿಯೋ ಪೆಟ್ಟಿಗೆಯಿಂದ. ಸಿನಿಮಾದಂಥ ಸುಳ್ಳು ಚೂರಿಗಳು ಶೋಕೇಸು ತುಂಬಿದಷ್ಟೂ ಇಂಥವರ ನಿಜವಾದ ಕೆಲಸ ಮರೆಯಾಗುತ್ತೆ. ನಷ್ಟ ಬರೀ ಗಿರಾಕಿಯದಲ್ಲ, ಚರಿತ್ರೆಯದು.

ಬೆಳ್ಳಗಿರೋದೆಲ್ಲ ಹಾಲಲ್ಲ, ಗೆಳೆಯರೆ. ತುಕ್ಕು ಹಿಡಿದದ್ದೆಲ್ಲ ಹಳೆಯದೂ ಅಲ್ಲ.