ಬೆಕ್ಕಿನ ಮರಿ ಕಚ್ಚಿದರೆ ತಪ್ಪು ಯಾರದ್ದು?

ಇದು ಪ್ರಬಂಧ ಅಲ್ಲ, ನನ್ನ ಅಭಿಪ್ರಾಯ. ಸರಿ ಕಾಣದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಬಹುದು, ನನಗೆ ಬೇಜಾರಿಲ್ಲ.

ನಮ್ಮ ಮನೆಯಲ್ಲಿ ಚುಕ್ಕಿ ಎಂಬ ಬೆಕ್ಕಿನ ಮರಿ ಉಂಟು. ಅಜ್ಜಿ ಮಾತ್ರ ಅದನ್ನು ಬರೇ ‘ಪುಚ್ಚೆ’ ಎಂದು ಕರೆಯುವುದು. ವೇಣೂರಿನ ಚಿಕ್ಕಮ್ಮನ ಮನೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಬಸ್ಸಿನಲ್ಲಿ ತಂದೆವು. ಆಗ ಅದಕ್ಕೆ ಒಂದು ತಿಂಗಳು ಆಗಿತ್ತು ಅಷ್ಟೆ. ದಾರಿಯುದ್ದಕ್ಕೂ ಕೂಗಿತು. ಕಂಡಕ್ಟರ್ ಅದಕ್ಕೂ ಟಿಕೇಟು ಕೊಡಲಾ ಎಂದು ನಗಾಡಿದರು.

ಮೊದಲು ನಾವೇ ಅದಕ್ಕೆ ಕೈ ಕೊಟ್ಟು ಆಡಿಸಿದ್ದು. ಬೆರಳು ಕುಣಿಸಿದರೆ ಹಾರುತ್ತಿತ್ತು, ಹೊಟ್ಟೆ ಮುಟ್ಟಿದರೆ ನಾಲ್ಕೂ ಕಾಲಲ್ಲಿ ಹಿಡಿದು ಕಚ್ಚುತ್ತಿತ್ತು. ಸಣ್ಣ ಹಲ್ಲು, ನೋವಾಗುತ್ತಿರಲಿಲ್ಲ. ತಮ್ಮ ಬಿದ್ದು ಬಿದ್ದು ನಗುತ್ತಿದ್ದ. ಅಪ್ಪನೂ ಪಂಚೆಯ ತುದಿ ಆಡಿಸುತ್ತಿದ್ದರು. ಒಂದು ತಿಂಗಳು ಕಳೆಯುವಾಗ ಹಲ್ಲು ಗಟ್ಟಿಯಾಯಿತು, ಉಗುರು ಮುಳ್ಳಿನ ಹಾಗಾಯಿತು. ಅಮ್ಮ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುವಾಗ ನೂಲಿಗೆ ಹಾರಿ ಎಲೆಯೆಲ್ಲ ಚೆಲ್ಲಿತು. ನಡೆಯುವವರ ಕಾಲಿಗೆ ಬಾಗಿಲ ಸಂದಿಯಿಂದ ಬಂದು ಬಿತ್ತು. ಆಗ ಎಲ್ಲರೂ ಒಂದೇ ಮಾತು: ಇದು ದುಷ್ಟ ಮರಿ, ಪೇಟೆಯ ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬನ್ನಿ.

ನಾನು ಕೇಳುವುದು ಇಷ್ಟೆ. ನಿನ್ನೆ ಕಚ್ಚಿದರೆ ನಗು, ಇವತ್ತು ಕಚ್ಚಿದರೆ ಗೋಣಿಚೀಲವಾ? ಮರಿಗೆ ಹೇಗೆ ಗೊತ್ತಾಗಬೇಕು?

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತುಂಟಲ್ಲ. ಬಿಸಿ ಬಿಸಿ ಹಾಲು ಇಟ್ಟ, ಬೆಕ್ಕಿನ ಬಾಯಿ ಸುಟ್ಟಿತು, ಮತ್ತೆ ಹಾಲು ಕಂಡರೆ ಓಟ. ಎರಡನೇ ಕ್ಲಾಸಿನಲ್ಲಿ ನಾನೂ ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಕಚ್ಚಿದಾಗೆಲ್ಲ ನಾವು ಹಿಡಿಸೂಡಿಯಲ್ಲಿ ಹೊಡೆದರೆ ಮರಿ ಕಚ್ಚಬಾರದು ಎಂದು ಕಲಿಯುವುದಿಲ್ಲ, ಕೈ ಕಂಡರೆ ಹೆದರಬೇಕು ಎಂದು ಕಲಿಯುತ್ತದೆ. ಹೆದರಿದ ಬೆಕ್ಕು ಇನ್ನೂ ಜೋರು ಪರಚುತ್ತದೆ. ಅನ್ನ ಹಾಕುವುದೂ ಅದೇ ಕೈ ಅಲ್ಲವಾ?

ಬೆಕ್ಕಿನ ಮರಿಗಳು ಎಷ್ಟು ಜೋರು ಕಚ್ಚಬಹುದು ಎಂದು ಕಲಿಯುವುದು ಅಣ್ಣ ತಂಗಿಯರ ಜೊತೆ ಉರುಳಾಡಿ. ಒಬ್ಬ ಜೋರು ಕಚ್ಚಿದರೆ ಇನ್ನೊಬ್ಬ ಕಿರುಚಿ ಆಟ ಬಿಟ್ಟು ಹೋಗುತ್ತಾನೆ, ತಾಯಿಯೂ ಕಾಲಿನಲ್ಲಿ ಒತ್ತಿ ಬುದ್ಧಿ ಹೇಳುತ್ತದೆ. ಅದಕ್ಕೆ ಕಡಿಮೆ ಎಂದರೆ ಎಂಟು ವಾರ ತಾಯಿಯ ಹತ್ತಿರ ಬಿಡಬೇಕಂತೆ. ನಾವು ನಾಲ್ಕೇ ವಾರಕ್ಕೆ ಎತ್ತಿಕೊಂಡು ಬಂದೆವು. ಎಂದರೆ ಶಾಲೆ ಬಿಡಿಸಿದ್ದು ನಾವು, ದಡ್ಡ ಎಂದು ಬೈಯುವುದೂ ನಾವು.

ಇನ್ನು ನನ್ನ ತಪ್ಪು. ಒಂದು ಶನಿವಾರ ಸಂಜೆ ಚುಕ್ಕಿ ನನ್ನ ಮೊಣಕೈಯ ಕೆಳಗೆ ಉದ್ದಕ್ಕೆ ಪರಚಿತು. ಗೀರು ಕೆಂಪಾಯಿತು, ರಕ್ತ ಬರಲಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ಅಪ್ಪ ಆ ರಾತ್ರಿಯೇ ಅದನ್ನು ಬಿಟ್ಟು ಬರುತ್ತಿದ್ದರು. ಎರಡು ದಿನ ಉದ್ದ ಕೈಯ ಅಂಗಿ ಹಾಕಿದೆ, ಆ ಸೆಕೆಯಲ್ಲಿ! ಸೋಮವಾರ ಆರೋಗ್ಯ ಕೇಂದ್ರದ ಸಿಸ್ಟರ್ ಶಾಲೆಗೆ ಬಂದವರು ತೋಳು ಮೇಲೆ ಮಾಡು ಎಂದರು. ಸಿಕ್ಕಿಬಿದ್ದೆ.

ಸಿಸ್ಟರ್ ಬೈಯಲಿಲ್ಲ. ಆದರೆ ಅವರು ಹೇಳಿದ್ದು ಕೇಳಿ ಕೈಕಾಲು ತಣ್ಣಗಾಯಿತು. ಹುಚ್ಚುನಾಯಿ ರೋಗ ನಾಯಿಯಿಂದ ಮಾತ್ರ ಅಲ್ಲ, ಬೆಕ್ಕಿನಿಂದಲೂ ಬರಬಹುದು. ರೋಗ ಶುರುವಾದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಶುರುವಾಗುವ ಮೊದಲು ಮಾಡಿದರೆ ತಡೆಯಬಹುದು. ಕಚ್ಚಿದ, ಪರಚಿದ ಜಾಗವನ್ನು ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು. ಅರಸಿನ, ಸುಣ್ಣ, ಮೆಣಸಿನ ಹುಡಿ ಹಚ್ಚಬಾರದು. ಮತ್ತೆ ಸೀದಾ ಸರಕಾರಿ ಆಸ್ಪತ್ರೆ. ರಕ್ತ ಬಂದಿದ್ದರೆ ಗಾಯಕ್ಕೇ ಬೇರೆ ಮದ್ದು ಕೂಡ ಚುಚ್ಚುತ್ತಾರೆ.

ಅಜ್ಜಿ ಹೊಕ್ಕುಳಿನ ಸುತ್ತ 14 ಇಂಜೆಕ್ಷನ್ ಎಂದು ಅಳಲಿಕ್ಕೆ ಶುರು ಮಾಡಿದರು. ಅದು ಹಿಂದಿನ ಮದ್ದು, ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತುಹೋಗಿದೆ. ನನಗೆ ಎರಡು ತೋಳಿಗೆ ಒಂದೊಂದು ಸಣ್ಣ ಚುಚ್ಚು, ಇರುವೆ ಕಚ್ಚಿದಷ್ಟೆ. ಮೊದಲ ದಿನ, ಮತ್ತೆ 3, 7, 28ನೇ ದಿನ. ಹುಚ್ಚುನಾಯಿ ರೋಗದ ಮದ್ದನ್ನು ಮೊದಮೊದಲು ತೆಗೆದುಕೊಂಡವರಲ್ಲಿ ಒಬ್ಬ ಜೋಸೆಫ್ ಮೈಸ್ಟರ್ ಎಂಬ ಹುಡುಗ, 1885 ಜುಲೈ 6ರಂದು. ಕೊಡಿಸಿದವರು ಲೂಯಿ ಪಾಶ್ಚರ್. ಹುಡುಗನಿಗೆ 9 ವರ್ಷ, ನಮ್ಮ ನಾಲ್ಕನೇ ಕ್ಲಾಸಿನವರಷ್ಟೆ.

ಡಾಕ್ಟರು ಅಪ್ಪನಿಗೆ ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು. ಮರಿಯನ್ನು ಎಲ್ಲಿಯೂ ಬಿಡಬೇಡಿ, 10 ದಿನ ಕಣ್ಣೆದುರು ಇಟ್ಟು ನೋಡಿ ಎಂದರು. ಬಿಟ್ಟು ಬಂದರೆ ಅದಕ್ಕೆ ರೋಗ ಉಂಟಾ ಇಲ್ಲವಾ ಎಂದು ಗೊತ್ತಾಗುವುದು ಹೇಗೆ? ಅಪ್ಪನಿಗೆ ಉತ್ತರ ಇರಲಿಲ್ಲ.

ಆದ್ದರಿಂದ ದೊಡ್ಡವರಲ್ಲಿ ನನ್ನ ಕೋರಿಕೆ. ಬಿಟ್ಟು ಬರುತ್ತೇವೆ ಎಂದು ಹೆದರಿಸಬೇಡಿ. ಹೆದರಿಸಿದರೆ ಮಕ್ಕಳು ಗಾಯ ಅಡಗಿಸುತ್ತಾರೆ, ನಾನು ಅಡಗಿಸಿದ ಹಾಗೆ. ಮೊದಲು ಗಾಯ ತೊಳೆಯಿರಿ, ಬೈಯುವುದಿದ್ದರೆ ಮತ್ತೆ ಬೈಯಿರಿ.

ಈಗ ನಮ್ಮಲ್ಲಿ ಕೈಯಲ್ಲಿ ಆಡಿಸುವುದು ಬಂದ್. ಅಪ್ಪನ ಪಂಚೆಯೂ ಬಂದ್. ಉದ್ದದ ತೆಂಗಿನ ಕಡ್ಡಿಗೆ ಕೋಳಿ ಗರಿ ಕಟ್ಟಿದ್ದೇವೆ. ಒಂದು ಗೋಟಡಿಕೆ ಉರುಳಿಸಿದರೆ ಜಗಲಿಯಿಡೀ ಓಡುತ್ತದೆ. ಹಳೆ ಕಾಲುಚೀಲಕ್ಕೆ ಬಟ್ಟೆ ತುಂಬಿಸಿ ಕೊಟ್ಟರೆ ಅದನ್ನು ಅಪ್ಪಿ ಹಿಂಗಾಲಲ್ಲಿ ಒದೆಯುತ್ತದೆ. ಬೀಡಿಯ ನೂಲು ಮಾತ್ರ ಕೊಡಬೇಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಕೈ ಕಚ್ಚಿದರೆ ಎಳೆಯಬಾರದು, ಎಳೆದರೆ ಇಲಿ ಓಡಿತು ಎಂದೇ ಅದು ತಿಳಿಯುವುದು. ಅಲುಗಾಡದೆ ನಿಂತು, ಬಿಟ್ಟ ಕೂಡಲೇ ಎದ್ದು ಹೋಗಬೇಕು. ಬಾಲ ಪಟಪಟ ಬಡಿದು ಕಿವಿ ಹಿಂದೆ ಮಾಡಿದರೆ ಅದಕ್ಕೆ ಆಟ ಸಾಕಾಗಿದೆ ಎಂದು ಅರ್ಥ. ತಮ್ಮನಿಗೆ ಇದು ಇನ್ನೂ ನೆನಪಿರುವುದಿಲ್ಲ, ದಿನಕ್ಕೆ ಎರಡು ಸಲ ಹೇಳಬೇಕು.

ಚುಕ್ಕಿ ಪೂರಾ ನಿಲ್ಲಿಸಿಲ್ಲ, ಸುಳ್ಳು ಯಾಕೆ ಬರೆಯಲಿ. ಆದರೆ ಕಡಿಮೆಯಾಗಿದೆ. 10 ದಿನ ಕಳೆದು ಹುಷಾರಾಗಿಯೇ ಉಂಟು. ಮೂರು ತಿಂಗಳು ತುಂಬಿದಾಗ ಪಶು ಆಸ್ಪತ್ರೆಗೆ ಕೊಂಡುಹೋಗಿ ಅದಕ್ಕೂ ಇಂಜೆಕ್ಷನ್ ಕೊಡಿಸುತ್ತೇನೆ ಎಂದು ಅಪ್ಪ ಒಪ್ಪಿದ್ದಾರೆ. ನನ್ನ ನಾಲ್ಕನೆಯದನ್ನೂ ಹಾಕಿಸಿಯೇ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಅದು ಗಣಿತ ಪರೀಕ್ಷೆಯ ದಿನವೇ ಬರುತ್ತದೆ. ಟೀಚರಿಗೆ ಈಗಲೇ ಹೇಳಿ ಇಟ್ಟಿದ್ದೇನೆ.

— 7ನೇ ತರಗತಿಯ ವಿದ್ಯಾರ್ಥಿನಿ