ಮುರು ಮೀನೂ ನಮ್ಮ ಯಲಹಂಕವೂ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಯಲಹಂಕದ ನಮ್ಮ ಮನೆಗೆ ಬಂದಿದ್ದನು. ಅವನ ಮಗಳು ಮೀನುಗಾರಿಕೆ ವಿಜ್ಞಾನ ಓದಿ, ಆಳಗಡಲಿನ ಬಂಡೆಗಳಲ್ಲಿ ವಾಸಿಸುವ ದೊಡ್ಡ ಮೀನುಗಳನ್ನು ಅಭ್ಯಸಿಸುವುದಾಗಿ ಹಟ ಹಿಡಿದಿದ್ದಾಳಂತೆ. "ಕೆರೆಯ ಊರಿನವರಿಗೆ ಕಡಲ ಚಿಂತೆ ಏಕೆ ಸಾರ್? ನೀವೇ ಬುದ್ಧಿ ಹೇಳಿ" ಎಂದನು. ನಾನು ಬುದ್ಧಿ ಹೇಳಿದ್ದು ಅವನಿಗೇ.

ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದದ್ದು ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ. ಇದನ್ನು ತರಗತಿಯಲ್ಲಿ ನಾನು ಒಮ್ಮೆಯೂ ಹೇಳಲಿಲ್ಲವೆಂಬುದು ನನ್ನದೇ ಲೋಪ. ಮೀನಿನ ಪಾಠವೆಂದರೆ ರೋಹುವಿನ ಚಿತ್ರ ಬರೆಸಿ, ಭಾಗಗಳನ್ನು ಗುರುತಿಸಿ ಎಂದು ಮುಗಿಸುತ್ತಿದ್ದೆ!

ಆ ಹುಡುಗಿ ಅರಸುತ್ತಿರುವುದು ಮಂಗಳೂರಿನವರು ಮುರು ಎಂದೂ ಕೊಂಕಣಿಗರು ಗೋಬ್ರೊ ಎಂದೂ ಕರೆಯುವ ಮೀನನ್ನು. ಈ ಕುಲದ ಅನೇಕ ಜಾತಿಗಳು ಮೊದಲು ಹೆಣ್ಣಾಗಿದ್ದು, ಹಲವು ವರ್ಷ ಬೆಳೆದ ಮೇಲೆ ಗಂಡಾಗುತ್ತವೆ. ಆದ್ದರಿಂದ ಗಾಳಕ್ಕೆ ದೊಡ್ಡ ಮೀನುಗಳೇ ಸಿಗುತ್ತಾ ಹೋದರೆ ಬಂಡೆಯಲ್ಲಿ ಗಂಡುಗಳೇ ಕಡಿಮೆಯಾಗುತ್ತವೆ. ಹೆಣ್ಣುಗಳು ಎಷ್ಟಿದ್ದರೇನು?

ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬಂದರುಗಳಲ್ಲಿ ಹಿಡುವಳಿಯ ಲೆಕ್ಕವನ್ನು ದಶಕಗಳಿಂದ ಇಡುತ್ತಿದ್ದಾರೆ. ಅದು ಬೇಕೇ ಬೇಕು. ಆದರೆ ದಡಕ್ಕೆ ಬಂದ ಮೀನು, ಕೆಳಗೆ ಉಳಿದವುಗಳ ಕಥೆಯನ್ನು ಅರ್ಧವಷ್ಟೇ ಹೇಳುತ್ತದೆ. ಕಿವಿಯೊಳಗಿನ ಪುಟ್ಟ ಕಲ್ಲಿನ ಉಂಗುರಗಳನ್ನೆಣಿಸಿ ವಯಸ್ಸು ತಿಳಿಯಬಹುದು, ಮೀನು ಸತ್ತ ಮೇಲೆ. ಹಿಡಿದು ಬಿಟ್ಟುಬಿಡೋಣವೆಂದರೆ, ಆಳದಿಂದ ಸರಕ್ಕನೆ ಮೇಲೆಳೆದಾಗ ಒತ್ತಡ ಇಳಿದು ಅದರ ಗಾಳಿಚೀಲ ಉಬ್ಬಿ, ಎಷ್ಟೋ ಮೀನುಗಳು ಮತ್ತೆ ಕೆಳಗಿಳಿಯಲಾರವು. ಸಾಮಾನ್ಯ ಮುಳುಗುಗಾರರು ಸುಮಾರು 40 ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ.

ಆಸ್ಟ್ರೇಲಿಯಾದವರು ಚೌಕಟ್ಟೊಂದಕ್ಕೆ ಎರಡು ಕ್ಯಾಮೆರಾ ಜೋಡಿಸಿ, ಮುಂದೆ ಎರೆಯ ಚೀಲ ಕಟ್ಟಿ ತಳಕ್ಕೆ ಇಳಿಬಿಡುತ್ತಾರೆ. ನಮ್ಮ ಎರಡು ಕಣ್ಣುಗಳು ದೂರ ಅಳೆಯುವಂತೆಯೇ ಆ ಜೋಡಿ ಚಿತ್ರಗಳಿಂದ ಮೀನಿನ ಉದ್ದ ತಿಳಿಯುತ್ತದೆ. ಒಂದು ಹುರುಪೆಯೂ ಉದುರುವುದಿಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದಲ್ಲಿ ಹವಳವಿದೆ. ಅಲ್ಲಿಂದಾಚೆಯ ಆಳದ ಬಂಡೆಗಳಲ್ಲಿ ವರ್ಷವರ್ಷವೂ ಇಂತಹ ಕ್ಯಾಮೆರಾ ಇಳಿಸಲು ಸರ್ಕಾರ ಹಣ ಕೊಡಬೇಕು. ದೋಣಿಯವರನ್ನು ಜೊತೆಗಿಟ್ಟುಕೊಂಡೇ ಇದು ಆಗಬೇಕು. ಬಂಡೆಯ ಜಾಡು ಬಲ್ಲವರು ಅವರು. ಎಣಿಸದೆಯೇ ನಿಷೇಧ ಹೇರಿದರೆ ಅವರು ಒಪ್ಪಲಾರರು, ಒಪ್ಪಬೇಕಾದ ಕಾರಣವೂ ಇಲ್ಲ.

ಶಿಷ್ಯನು ಕಾಫಿ ಕುಡಿದು, "ಕೆಲಸ ಸಿಗುತ್ತದೆಯೇ ಸಾರ್?" ಎಂದು ಕೇಳಿದನು. ಖಚಿತವಾಗಿ ಹೌದೆನ್ನಲು ನನ್ನಿಂದಾಗಲಿಲ್ಲ. ಮಳೆಗಾಲ ಕಳೆದ ಮೇಲೆ ಮಗಳನ್ನೊಮ್ಮೆ ಮುರ್ಡೇಶ್ವರಕ್ಕೆ ಕರೆದುಕೊಂಡು ಹೋಗೆಂದೆ. "ನೀವೂ ಬನ್ನಿ ಸಾರ್" ಎಂದಿದ್ದಾನೆ.