ಅಮ್ಮಿಯ ಏಳು ಸೀರೆಗಳು: ಕೈಹೊಲಿಗೆಯೋ, ಮೆಷಿನ್ನೋ?

ಅಮ್ಮಿ ತೀರಿಕೊಂಡು ಒಂದು ವರ್ಷ ಕಳೆದ ಮೇಲೆ ಅವರ ಟ್ರಂಕನ್ನು ತೆರೆದೆವು. ಏಳು ಹತ್ತಿ ಸೀರೆಗಳಿದ್ದವು. ಒಗೆದೂ ಒಗೆದೂ ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಆಚೆಗಿನದು ಕಾಣುತ್ತಿತ್ತು. ಇನ್ನೊಬ್ಬರಿಗೆ ಉಡಲು ಕೊಡುವಂತಿರಲಿಲ್ಲ, ಎಸೆಯಲು ಮನಸ್ಸು ಬರಲಿಲ್ಲ. “ಗೊದಡಿ ಹೊಲಿಸೋಣ” ಎಂದರು ಆಪಾ. ಅಲ್ಲಿಯವರೆಗೆ ಎಲ್ಲರದೂ ಒಂದೇ ಮಾತು. ಯಾರಿಂದ ಹೊಲಿಸುವುದು ಎಂಬಲ್ಲಿಗೆ ಬಂದಾಗ ಮಾತು ಒಡೆಯಿತು.

ಕತ್ತರಿ ಹಾಕುವ ಮೊದಲು ನಾನು ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಆಪಾ ನಕ್ಕರು. ಆದರೆ ಮರಣ ಹೊಂದಿದವರ ಉಟ್ಟ ಬಟ್ಟೆಯೂ ವಾರಸುದಾರರೆಲ್ಲರ ಸೊತ್ತು. ಮದ್ರಸದಲ್ಲಿ ಮೀರಾಸಿನ ಪಾಠ ಓದಿದವಳು ಮನೆಯ ಟ್ರಂಕಿನ ಮುಂದೆ ಅದನ್ನು ಮರೆಯಲಾದೀತೇ? ತಮ್ಮ ಒಪ್ಪಿದ. “ಮೂವರೂ ಸರದಿಯಲ್ಲಿ ಹೊದ್ದುಕೊಳ್ಳೋಣ, ಆಪಾ” ಎಂದ.

ಗೊದಡಿ ಎಂಬುದು ನಮ್ಮ ದಖನಿ ಮನೆಗಳ ಮಾತು. ತೆಲುಗು ಬೆರೆತ ಕೋಲಾರದ ಹಳ್ಳಿಗಳಲ್ಲಿ ಬೊಂತೆ ಎನ್ನುತ್ತಾರೆ. ಉತ್ತರ ಕರ್ನಾಟಕದವರಿಗೆ ಅದು ಕೌದಿ.

ಆಪಾ ಇರುವುದು ಬಂಗಾರಪೇಟೆಯಲ್ಲಿ. ಅವರ ಬೀದಿಯ ಟೈಲರ್ 500 ರೂಪಾಯಿಗೆ ಎರಡೇ ದಿನದಲ್ಲಿ ಮೆಷಿನ್‌ನಲ್ಲಿ ಹೊಲಿದು ಕೊಡುತ್ತೇನೆಂದಿದ್ದರು. ನಾನಿರುವುದು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ. ಇಲ್ಲಿ ಗಣಿ ಲೈನಿನ ಮನೆಯೊಂದರಲ್ಲಿ ಒಬ್ಬ ತಮಿಳು ಅಜ್ಜಿ ಇದ್ದಾರೆ. ನಾವೆಲ್ಲ ಪಾಟಿ ಎಂದೇ ಕರೆಯುತ್ತೇವೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿ ಗಂಡನ ಸಂಬಳ ನಿಂತಾಗ ಸೂಜಿ ಹಿಡಿದವರು. ಸೊಸೆ ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಪಾಟಿ ಜಗಲಿಯಲ್ಲಿ ಕುಳಿತು ಹೊಲಿಯುತ್ತಾರೆ. ಅವರು ಕೇಳಿದ್ದು 2,000 ರೂಪಾಯಿ, ಒಂದು ತಿಂಗಳು.

“ಎರಡು ಸಾವಿರಕ್ಕೆ ಅಂಗಡಿಯಲ್ಲಿ ಎರಡು ಹೊಸ ರಜಾಯಿ ಬರುತ್ತವೆ” ಎಂದರು ಆಪಾ. ನನಗೂ ಹೆಚ್ಚೆನಿಸಿತು, ಸುಳ್ಳು ಹೇಳುವುದಿಲ್ಲ. ಸ್ವಲ್ಪ ಇಳಿಸಿ ಎಂದು ಕೇಳಿಯೂಬಿಟ್ಟೆ. ಪಾಟಿ ಸಿಟ್ಟಾಗಲಿಲ್ಲ. “ಟೀಚರಮ್ಮಾ, ನೀವು ಲೆಕ್ಕ ಬಲ್ಲವರು, ನೀವೇ ಹಾಕಿ ನೋಡಿ” ಎಂದರು.

ರಾತ್ರಿ ಮಕ್ಕಳ ನೋಟ್‌ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಐದಡಿ ಅಗಲ, ಏಳಡಿ ಉದ್ದ. ಅಂಗುಲಕ್ಕೊಂದು ಸಾಲಿನಂತೆ 60 ಸಾಲು, ಒಟ್ಟು 420 ಅಡಿ ಹೊಲಿಗೆ. ಅಂಗುಲಕ್ಕೆ ನಾಲ್ಕೇ ಹೊಲಿಗೆ ಎಂದರೂ 20,000 ದಾಟುತ್ತದೆ. ದಿನಕ್ಕೆ ಎರಡೂವರೆ ಗಂಟೆಯಂತೆ 25 ದಿನ ಕುಳಿತರೆ ಗಂಟೆಗೆ ಬೀಳುವುದು 32 ರೂಪಾಯಿ! ಕೂಲಿಯವರ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ತರಗತಿಯಲ್ಲಿ ಹೇಳಿಕೊಡುವವಳು ನಾನು. ಕೂಲಿ ಎಷ್ಟಿರಬೇಕು ಎಂದು ಅಂದಿನವರೆಗೆ ಲೆಕ್ಕ ಹಾಕಿರಲಿಲ್ಲ.

ಆದರೂ ದುಡ್ಡಿನ ಮಾತು ಬೇರೆ, ಬಟ್ಟೆಯ ಮಾತು ಬೇರೆ. ಕೈಹೊಲಿಗೆಯೆಲ್ಲ ಶ್ರೇಷ್ಠ, ಮೆಷಿನ್ನೆಲ್ಲ ಕಳಪೆ ಎಂದು ಬರೆದುಬಿಡುವುದು ಸುಲಭ. ಅದು ನಿಜವಲ್ಲ. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರವೂ ಬಾಬಿನ್ ದಾರವೂ ಒಂದನ್ನೊಂದು ಹಿಡಿದು ಬೀಗ ಹಾಕಿಕೊಳ್ಳುತ್ತವೆ. ಆದ್ದರಿಂದ ಅದು ಗಟ್ಟಿ. ಹೊಸ ಬಟ್ಟೆಗೆ, ಮಕ್ಕಳ ಹಾಸಿಗೆಗೆ, ವಾರಕ್ಕೆರಡು ಸಲ ಒಗೆಯುವಂಥದ್ದಕ್ಕೆ ಅದೇ ಸರಿ. ಆದರೆ ಹಳೆಯ ಸೀರೆಯ ಎಳೆಗಳು ಮೊದಲೇ ಸವೆದಿರುತ್ತವೆ. ಮೆಷಿನ್‌ನ ದಪ್ಪ ಸೂಜಿ ಒತ್ತೊತ್ತಾಗಿ ತೂತು ಹಾಕುತ್ತ ಹೋದರೆ ಅಂಚೆಚೀಟಿಯ ಅಂಚಿನಂತೆ ಆ ಸಾಲಿನಲ್ಲೇ ಬಟ್ಟೆ ಹರಿಯುತ್ತದೆ. ದಾರ ಗಟ್ಟಿ, ಬಟ್ಟೆ ಮೆತ್ತಗೆ. ಎಳೆದಾಗ ಸೋಲುವುದು ಬಟ್ಟೆಯೇ. ಕೈಹೊಲಿಗೆಯ ಓಟದ ದಾರ ಸಡಿಲವಾಗಿರುವುದರಿಂದ ಬಟ್ಟೆಯ ಜೊತೆ ಬಾಗುತ್ತದೆ. ಒಂದು ಕಡೆ ಕಿತ್ತರೆ ಅಲ್ಲಷ್ಟೇ ಮತ್ತೆ ಹೊಲಿಯಬಹುದು.

ಇನ್ನೊಂದು ತೊಂದರೆ ಪದರಗಳದ್ದು. ಮೆಷಿನ್‌ನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಎಳೆಯುತ್ತವೆ, ಮೇಲಿನದು ಹಿಂದೆ ಉಳಿಯುತ್ತದೆ. ಕೊನೆಗೆ ನೆರಿಗೆ ಬೀಳುತ್ತದೆ. ಮನೆಯಲ್ಲೇ ಮೆಷಿನ್‌ನಲ್ಲಿ ಹೊಲಿಯುವ ಸಹೋದರಿಯರು ಮೊದಲು ಕೈಯಿಂದ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಿಕೊಳ್ಳಿ. ನಡುವಿನಿಂದ ಶುರುಮಾಡಿ ಅಂಚಿಗೆ ಬನ್ನಿ. ಹೊಲಿಗೆಯ ಉದ್ದ ಹೆಚ್ಚಿಸಿ, ಪಾದದ ಒತ್ತಡ ಸ್ವಲ್ಪ ಸಡಿಲಿಸಿ. ಒಳಗೆ ಸೀರೆಯ ಬದಲು ಬಿಡಿ ಹತ್ತಿ ತುಂಬಿಸುವುದಾದರೆ, ಕೈಯಲ್ಲೇ ಆಗಲಿ ಮೆಷಿನ್‌ನಲ್ಲೇ ಆಗಲಿ, ಸಾಲುಗಳು ಹತ್ತಿರವಿರಬೇಕು. ಇಲ್ಲದಿದ್ದರೆ ಒಗೆದಾಗ ಹತ್ತಿ ಒಂದೆಡೆ ಗಂಟುಕಟ್ಟುತ್ತದೆ. ಹತ್ತಿ ಹಿಂಜುತ್ತ ಬಂದ ನಮ್ಮ ಪಿಂಜಾರ, ನದಾಫ್ ಮನೆತನಗಳ ಹಿರಿಯರನ್ನು ಕೇಳಿ, ಇದನ್ನೇ ಹೇಳುತ್ತಾರೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಮಹಿಳೆಯರ ಕೌದಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗದು. ಆಫ್ರಿಕಾ ಮೂಲದ ಈ ಜನರಲ್ಲಿ ಮುಸ್ಲಿಮರೂ ಕ್ರೈಸ್ತರೂ ಹಿಂದೂಗಳೂ ಇದ್ದಾರೆ. ತಮ್ಮ ಕೌದಿಗೆ ಅವರು ಕವಂದ್ ಎನ್ನುತ್ತಾರೆ. ನಾವು ನಡುವಿನಿಂದ ಶುರುಮಾಡಿದರೆ ಅವರು ಅಂಚಿನಿಂದ ಹೊಲಿಯುತ್ತ ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ‘ಫೂಲ’ ಇಡದೆ ಕವಂದ್ ಮುಗಿಯಿತೆಂದು ಒಪ್ಪುವುದಿಲ್ಲ. ಈ ಕವಂದ್‌ಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹಳೆಯ ಸೀರೆಯ ತುಂಡುಗಳೇ ಅವು, ಬೇರೇನಲ್ಲ.

ಆಪಾಗೆ ಇದನ್ನೆಲ್ಲ ಹೇಳಲು ಒಂದು ಭಾನುವಾರ ಬಂಗಾರಪೇಟೆಗೆ ಹೋದೆ. ಅಲ್ಲಿಗೆ ಹೋಗಿ ತಿಳಿನೀರಿನ ಪಾನಿಪುರಿ ತಿನ್ನದೆ ಬರುವವರುಂಟೇ! ತಿನ್ನುತ್ತಲೇ ಜಗಳವಾಡಿದೆವು. ಮರುದಿನ ಆಪಾ ನನ್ನೊಂದಿಗೆ ಪಾಟಿಯ ಮನೆಗೆ ಬಂದರು, ಒಂದು ಕೈಯಲ್ಲಿ ಅಮ್ಮಿಯ ಸೀರೆಗಳು, ಇನ್ನೊಂದರಲ್ಲಿ ಮೊಮ್ಮಗುವಿಗೆಂದು ತಂದ ಹೊಸ ಬಟ್ಟೆ. ಎರಡನ್ನೂ ಹೊಲಿಸಿಕೊಂಡರೆ ಪಾಟಿ ಸ್ವಲ್ಪ ಕಡಿಮೆ ಮಾಡಬಹುದೆಂಬ ಲೆಕ್ಕ ಅವರದ್ದು.

ಪಾಟಿ ಹೊಸ ಬಟ್ಟೆಯನ್ನು ಮುಟ್ಟಿ ನೋಡಿ ಹಿಂದಕ್ಕೆ ಕೊಟ್ಟರು. “ಮಗು ದಿನಾ ಒದ್ದೆ ಮಾಡುತ್ತೆ, ನೀವು ದಿನಾ ಒಗೀತೀರಿ. ಇದನ್ನು ಮೆಷಿನ್‌ಗೇ ಕೊಡಮ್ಮಾ. ನನ್ನ ಕೈಗೆ ಯಾಕೆ ವೇಸ್ಟ್?” ಎಂದರು. ಆಮೇಲೆ ಅಮ್ಮಿಯ ಸೀರೆಗಳನ್ನು ಒಂದೊಂದಾಗಿ ಬಿಡಿಸಿ, ಹರಿದ ಕಡೆ ಬೆರಳಿಟ್ಟು, ತೀರಾ ಸವೆದವು ಒಳಗೆ, ಗಟ್ಟಿಯಾಗಿದ್ದ ಎರಡು ಮೇಲೆ ಕೆಳಗೆ ಎಂದು ಜೋಡಿಸಿಟ್ಟರು. ಒಂದು ಸೀರೆಗೆ ಒಂದು ಪದರ, ಒಟ್ಟು ಏಳು. ಆಪಾ ಮಾತಾಡದೆ ಪರ್ಸ್ ತೆಗೆದು ಸಾವಿರ ರೂಪಾಯಿ ಮುಂಗಡ ಕೊಟ್ಟರು.

ಒಂದು ತಿಂಗಳು ಎಂದದ್ದು ಒಂದೂವರೆ ತಿಂಗಳಾಯಿತು. ನಡುವೆ ಪಾಟಿಯ ಕಣ್ಣಿಗೆ ಔಷಧ ಹಾಕಬೇಕಾಯಿತು. ಗೊದಡಿ ಬಂದಾಗ ಅದರ ಸಾಲುಗಳು ಅಷ್ಟೇನೂ ನೇರವಾಗಿರಲಿಲ್ಲ, ಒಂದೆರಡು ಕಡೆ ಹಾವಿನಂತೆ ಸರಿದಿದ್ದವು. ಒಂದು ಮೂಲೆಯಲ್ಲಿ ಅಮ್ಮಿ ತಾವೇ ಹಿಂದೆಂದೋ ಹಾಕಿದ್ದ ನೀಲಿ ದಾರದ ತೇಪೆಯನ್ನು ಪಾಟಿ ಬಿಚ್ಚದೆ ಹಾಗೆಯೇ ಮೇಲ್ಗಡೆಗೆ ಬರುವಂತೆ ಇಟ್ಟಿದ್ದರು.

ಮೊದಲ ಸರದಿ ಆಪಾ ಅವರದ್ದು. ಎರಡು ತಿಂಗಳಿಗೆಂದು ಒಯ್ದವರು ಚಳಿಗಾಲ ಮುಗಿದರೂ ಕೊಟ್ಟಿಲ್ಲ. ಕೇಳಿದರೆ ಮೊಣಕಾಲು ನೋವು ಎನ್ನುತ್ತಾರೆ. ಬರುವ ಭಾನುವಾರ ರೈಲು ಹತ್ತಿ ನಾನೇ ಹೋಗಿ ತರಬೇಕು.